ಪುಸ್ತಕ, ಗೈಡ್ ಇದ್ದರೂ ಪ್ರವಾಸಿಗರು ಮೊಬೈಲ್ ನೋಡುವುದೇಕೆ?

ಪುಸ್ತಕಗಳಿವೆ, ಫಲಕಗಳಿವೆ, ಗೈಡ್‌ಗಳಿದ್ದಾರೆ. ಆದರೂ ಪ್ರವಾಸಿಗರು ಮಾಹಿತಿಗೆ ಸ್ಮಾರ್ಟ್‌ಫೋನನ್ನೇ ಏಕೆ ತಡಕುತ್ತಾರೆ ಎಂದು ಕೇಳಿದ್ದೀರಿ. ನಾನು ಹಂಪಿಗೆ ಮತ್ತೆ ಮತ್ತೆ ಹೋಗುವವನು, ಅಲ್ಲಿ ಕಂಡದ್ದರಿಂದಲೇ ಹೇಳುತ್ತೇನೆ. ಕೃಷ್ಣದೇವರಾಯನ ಕಾಲವನ್ನು ತಿಳಿಯಲು ಫೋನ್ ತೆಗೆಯುವವರು ಕಡಿಮೆ. ಹೆಚ್ಚಿನವರಿಗೆ ಬೇಕಿರುವುದು ಈ ಹೊತ್ತಿನ ಸಂಗತಿ.

ಹೊಳೆ ದಾಟುವುದನ್ನೇ ನೋಡಿ. ವಿರೂಪಾಕ್ಷ ದೇವಸ್ಥಾನದ ಬಳಿ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಆಚೆ ದಡ. ಅಲ್ಲಿಂದ ಆನೆಗುಂದಿ, ಅಂಜನಾದ್ರಿಗೆ ಹೋಗಬಹುದು. ಆದರೆ ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯ ತುಂಬಿ ನದಿಗೆ ನೀರು ಬಿಟ್ಟರೆ ಪುರಂದರ ಮಂಟಪವೇ ಮುಳುಗುತ್ತದೆ, ದೋಣಿ ನಿಲ್ಲುತ್ತದೆ, ರಸ್ತೆಯಲ್ಲಿ ದೂರ ಸುತ್ತಬೇಕಾಗುತ್ತದೆ. ಒಮ್ಮೆ ಅಮ್ಮನನ್ನು ಕರೆದುಕೊಂಡು ಹೋಗಿದ್ದಾಗ, ನೀರು ಬಿಡುವ ಸುದ್ದಿಯನ್ನು ಹೊಸಪೇಟೆಯ ವಸತಿಗೃಹದಲ್ಲಿ ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಓದಿದೆ. ಮಂಡಿನೋವಿನ ಅವರನ್ನು ದಡದವರೆಗೆ ನಡೆಸಿ ಹಿಂದಿರುಗಿಸುವುದು ತಪ್ಪಿತು. ಆ ದಿನ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ನಿಧಾನವಾಗಿ ಕಳೆದೆವು.

ಅಚ್ಚಾದ ಪುಸ್ತಕಕ್ಕೆ ಈ ವೇಗ ಸಾಧ್ಯವಿಲ್ಲ. ನನ್ನ ಬಳಿಯಿದ್ದ ಹಳೆಯ ಕೈಪಿಡಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ತಂಗಲು ಸಲಹೆ ಕೊಡುತ್ತದೆ. ಅಲ್ಲಿನ ರೆಸಾರ್ಟ್‌ಗಳನ್ನು 2020ರಲ್ಲೇ ತೆರವುಗೊಳಿಸಲಾಯಿತು. ಹಂಪಿ ಬಳ್ಳಾರಿ ಜಿಲ್ಲೆಯಲ್ಲಿದೆ ಎಂದೂ ಅದು ಹೇಳುತ್ತದೆ. 2021ರಿಂದ ಹಂಪಿ ಇರುವುದು ವಿಜಯನಗರ ಜಿಲ್ಲೆಯಲ್ಲಿ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಸಂಕೋಚ. ಕನ್ನಡ ಬಾರದವರಿಗೆ, ಒಂಟಿಯಾಗಿ ಬಂದ ಹೆಣ್ಣುಮಕ್ಕಳಿಗೆ, ಹತ್ತು ಜನರನ್ನು ದಾರಿ ಕೇಳುತ್ತ ನಿಲ್ಲುವುದು ಸುಲಭವಲ್ಲ. ಕಮಲಾಪುರದಿಂದ ವಿಠ್ಠಲ ದೇವಸ್ಥಾನ ಎಷ್ಟು ದೂರ ಎಂಬುದು ಮೊದಲೇ ಗೊತ್ತಿದ್ದರೆ ಆಟೋ ಬಾಡಿಗೆ ಮಾತಾಡಲು ಧೈರ್ಯ ಬರುತ್ತದೆ. ವಾಹನ ನಿಲ್ಲಿಸಿದ ಜಾಗದಿಂದ ಕಲ್ಲಿನ ರಥದವರೆಗೆ ಸುಮಾರು ಒಂದು ಕಿಲೋಮೀಟರ್ ಇದೆ, ಬ್ಯಾಟರಿ ವಾಹನ ಓಡಾಡುತ್ತದೆ ಎಂಬಷ್ಟು ತಿಳಿದರೂ ವಯಸ್ಸಾದವರಿಗೆ ಎಷ್ಟೋ ನೆಮ್ಮದಿ.

ಬಂಡೆಗಳ ನಡುವೆ ಸಿಗ್ನಲ್ ಕೈಕೊಡುವುದುಂಟು. ನಕ್ಷೆಯನ್ನು ಹೊಸಪೇಟೆಯಲ್ಲೇ ಇಳಿಸಿಕೊಂಡು ಹೊರಡಿ.

ಹಜಾರರಾಮ ದೇವಸ್ಥಾನದಲ್ಲಿ ಮಾತ್ರ ದಯವಿಟ್ಟು ಫೋನನ್ನು ಜೇಬಿಗೆ ಹಾಕಿ, ಸ್ಥಳೀಯ ಗೈಡ್ ಒಬ್ಬರನ್ನು ಕರೆದುಕೊಳ್ಳಿ. ಗೋಡೆಯ ಮೇಲಿನ ರಾಮಾಯಣವನ್ನು ಯಾವ ಮೂಲೆಯಿಂದ ನೋಡುತ್ತ ಬರಬೇಕೆಂದು ಅವರು ಕೈತೋರಿಸಿ ಹೇಳುತ್ತಾರೆ. ನಾನು ಮೂರು ಸಲ ಹೋಗಿಯೂ ಗಮನಿಸದಿದ್ದ ಶಿಲ್ಪಗಳನ್ನು ಅಮ್ಮ ಆ ಒಂದೇ ಸುತ್ತಿನಲ್ಲಿ ಗುರುತಿಸಿದರು.