ಕಾಡು, ತೋಟ ಸುತ್ತುವಾಗ ವಿಡಿಯೋ ಮಾಡಲು 30 ಸಾವಿರದೊಳಗೆ ಯಾವ ಕ್ಯಾಮೆರಾ ತಗೊಳ್ಳಲಿ?

ಜೂಮ್ ನೋಡಿ ತಗೊಳ್ಳಬೇಡಿ, ಎಷ್ಟು ಬೆಳಕು ಹಿಡಿಯುತ್ತದೆ ಅಂತ ನೋಡಿ ತಗೊಳ್ಳಿ.

ಅಜ್ಜ ಬೇಟೆಗೆ ಹೋಗುತ್ತಿದ್ದ ದಾರಿಗಳಲ್ಲಿ ಈಗ ಕ್ಯಾಮೆರಾ ಹಿಡಿದು ನಡೆಯಬೇಕು, ತೋಟಕ್ಕೆ ಆನೆ, ಕಾಟಿ (ಕಾಡುಕೋಣ), ಹಂದಿ ಎಲ್ಲಿಂದ ನುಗ್ಗುತ್ತವೆ ಅಂತ ತಿಳಿಯಬೇಕು, ಅಂಗಡಿಯವರು 60 ಎಕ್ಸ್ ಜೂಮ್ ಇರುವುದನ್ನೇ ತೋರಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ವಿರಾಜಪೇಟೆ ಕಡೆ ತೋಟ ಇಟ್ಟುಕೊಂಡು ಇದೇ ಹುಚ್ಚಿಗೆ ದುಡ್ಡು ಸುರಿದವನು ನಾನು. ನಮ್ಮಲ್ಲಿ ಪ್ರಾಣಿ ದೂರ ಇರುವುದಿಲ್ಲ. ಕಾಫಿ ಗಿಡದ ನಡುವೆ ಐವತ್ತು ಮೀಟರ್ ಆಚೆ ಕಣ್ಣೇ ಹಾಯುವುದಿಲ್ಲ, ಇನ್ನು ಲೆನ್ಸ್ ಏನು ಹಾಯುತ್ತದೆ? ಆದರೆ ನೆರಳು ಮರಗಳ ಕೆಳಗೆ, ಅದೂ ಬೆಳಗಿನ ಆರಕ್ಕೆ, ಬೆಳಕೇ ಇರುವುದಿಲ್ಲ.

ನನ್ನ ಮೊದಲನೆಯದು ಅಂಗೈಯಗಲದ ಹ್ಯಾಂಡಿಕ್ಯಾಮ್, 30 ಎಕ್ಸ್. ಅಕ್ಟೋಬರಿನ ಒಂದು ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಹಂದಿಯೊಂದು ಮರಿಗಳನ್ನು ಸಾಲಾಗಿ ಕರೆದುಕೊಂಡು ದಾಟಿತು. ಉಸಿರು ಬಿಗಿಹಿಡಿದು ಎರಡು ನಿಮಿಷ ಹಿಡಿದೆ. ಮನೆಗೆ ಬಂದು ಟಿವಿಗೆ ಹಾಕಿದರೆ ಪರದೆ ತುಂಬ ಇರುವೆ ಹರಿದಂತೆ ಚುಕ್ಕಿಗಳು. ಅಮ್ಮ ಕೇಳಿದ್ದು ಒಂದೇ: "ಇದು ಹಂದಿಯೋ ಕಲ್ಲೋ?" ಅಂಥ ಕ್ಯಾಮೆರಾದ ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಚಿಪ್, 1/5.8 ಇಂಚಿನ ವರ್ಗದ್ದು, ಹೆಚ್ಚುಕಡಿಮೆ ಹೆಸರುಕಾಳಿನಷ್ಟು. ಅಷ್ಟರಲ್ಲಿ ಎಷ್ಟು ಬೆಳಕು ಹಿಡಿದೀತು!

60 ಎಕ್ಸ್‌ನವುಗಳ ಸೆನ್ಸರ್ ಇದಕ್ಕಿಂತ ದೊಡ್ಡದು, ನಿಜ. ಆದರೆ ಜೂಮ್ ಎಳೆದಂತೆಲ್ಲ ಅವುಗಳ ಲೆನ್ಸ್ ಎಫ್ 2.8ರಿಂದ 5.9ಕ್ಕೆ ಹೋಗುತ್ತದೆ (ಈ ಎಫ್ ಸಂಖ್ಯೆ ಏರಿದಷ್ಟೂ ಲೆನ್ಸಿನ ಬಾಯಿ ಕಿರಿದು). ಅಂದರೆ ಬೆಳಕು ಕಾಲು ಭಾಗಕ್ಕಿಂತಲೂ ಕಡಿಮೆ. ಬಯಲಿನಲ್ಲಿ ಹದ್ದು ಹಿಡಿಯಲು ಸರಿ, ತೋಟದೊಳಗೆ ಅಲ್ಲ. ನಾನು ಕೊನೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು ಪ್ಯಾನಾಸೋನಿಕ್ ಎಫ್‌ಝಡ್ 300. 2015ರ ಮಾಡೆಲ್, ಜೂಮ್ ಬರೀ 24 ಎಕ್ಸ್, ಆದರೆ ಕೊನೆತನಕ ಎಫ್ 2.8 ಬಿಡುವುದಿಲ್ಲ. 4ಕೆ ಇದೆ, ಹೊರಗಿನ ಮೈಕ್ ಚುಚ್ಚಬಹುದು, ತುಂತುರು ಮಳೆಗೆ ಹೆದರಬೇಕಿಲ್ಲ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50ರಲ್ಲಿ ಇಡಿ, ಡಿಜಿಟಲ್ ಜೂಮ್ ಮುಚ್ಚಿಬಿಡಿ. ಮೆಮೊರಿ ಕಾರ್ಡ್ ವಿ30 ಎಂಬ ವೇಗದ ಗುರುತಿನದೇ ಇರಲಿ. 4ಕೆಯಲ್ಲಿ 64 ಜಿಬಿಗೆ ಸುಮಾರು 80 ನಿಮಿಷ ಸಿಗುತ್ತದೆ.

ಎದೆಗೋ ತಲೆಗೋ ಕಟ್ಟಿಕೊಳ್ಳುವ ಪುಟ್ಟ ಆಕ್ಷನ್ ಕ್ಯಾಮೆರಾ ತಡಿಯಂಡಮೋಳ್ ಬೆಟ್ಟ ಹತ್ತುವಾಗ, ಮಳೆಯಲ್ಲಿ ನಡೆಯುವಾಗ ಚೆನ್ನ. ಅದರಲ್ಲಿ ಆನೆ ಹಿಡಿದರೆ ಇಲಿಯಷ್ಟು ಕಾಣುತ್ತದೆ.

"ಎಲ್ಲಿಂದ ನುಗ್ಗುತ್ತವೆ" ಎಂಬ ಪ್ರಶ್ನೆಗೆ ಮಾತ್ರ ಕೈಯಲ್ಲಿ ಹಿಡಿಯುವ ಯಾವ ಕ್ಯಾಮೆರಾವೂ ಉತ್ತರ ಕೊಡುವುದಿಲ್ಲ. ಉಳಿದ ದುಡ್ಡಿಗೆ ಒಂದು ಟ್ರೇಲ್ ಕ್ಯಾಮೆರಾ (ಮರಕ್ಕೆ ಕಟ್ಟಿ ಬಿಟ್ಟುಬರುವಂಥದ್ದು) ತಗೊಂಡು ನಿಮ್ಮ ತೋಟದ ಬೇಲಿ ಒಡೆದಿರುವ ಕಡೆ ಕಟ್ಟಿ. ಶಾಖದ ಚಲನೆ ಕಂಡರೆ ತಾನೇ ಶುರುವಾಗುತ್ತದೆ. ಪೂರ್ವ, ಪಶ್ಚಿಮಕ್ಕೆ ಮುಖ ಮಾಡಬೇಡಿ, ಮುಂದಿನ ಗಿಡ ಸವರಿ. ನಾನು ಸವರದೆ ಕಟ್ಟಿ, ಮೊದಲ ವಾರ ಬರೀ ಏಲಕ್ಕಿ ಎಲೆ ಅಲ್ಲಾಡುವುದನ್ನು ನೋಡಿದೆ. ಅದರ ರಾತ್ರಿಯ ಇನ್‌ಫ್ರಾರೆಡ್ ಲೈಟ್ 940 ನ್ಯಾನೋಮೀಟರಿನದಾದರೆ ಕೆಂಪು ಹೊಳಪು ಕಾಣದು, 850ರದು ಮಂಕಾಗಿ ಕಾಣುತ್ತದೆ. ಇಷ್ಟೆಲ್ಲ ಮಾಡಿದರೂ ಹಲಸಿನ ಕಾಲದಲ್ಲಿ ಒಂದು ಸಲಗ ಬಂದು ನನ್ನದನ್ನು ಕಿತ್ತು ಹಾಕಿತು. ಕಾರ್ಡಿನಲ್ಲಿ ಉಳಿದದ್ದು ಸುಕ್ಕುಸುಕ್ಕು ಸೊಂಡಿಲು, ಆಮೇಲೆ ಬಿದ್ದಲ್ಲಿಂದಲೇ ತೆಗೆದ ಆಕಾಶ. ಈಗ ಆಳೆತ್ತರಕ್ಕಿಂತ ಮೇಲೆ, ಕೆಳಮುಖವಾಗಿ ಕಟ್ಟುತ್ತೇನೆ.

ಬೇಟೆಯನ್ನೇ ವಿಡಿಯೋ ಮಾಡುವ ಆಸೆ ಎಲ್ಲಾದರೂ ಇದ್ದರೆ ಬಿಟ್ಟುಬಿಡಿ. ಹುಲಿ ಹೊಡೆದವನನ್ನು ಕೂರಿಸಿ ನರಿ ಮಂಗಲ ಎಂಬ ಗೌರವದ ಶಾಸ್ತ್ರ ಮಾಡುತ್ತಿದ್ದ ಕಾಲ ಹೋಯಿತು (ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನರಿ ಅಂದರೆ ಹುಲಿ, ಹೊರಗಿನವರು ನಗುತ್ತಾರೆ). 1972ರ ವನ್ಯಜೀವಿ ಕಾಯ್ದೆಯ ಮುಂದೆ ನಿಮ್ಮ ವಿಡಿಯೋ ನಿಮ್ಮ ಮೇಲೆಯೇ ಸಾಕ್ಷಿ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಿಗೋ ನಾಗರಹೊಳೆಗೋ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ, ಕ್ಯಾಮೆರಾ ಕಟ್ಟುವುದಂತೂ ಬೇಡವೇ ಬೇಡ.

ಹಳೆಯದು ಕೊಳ್ಳುವಾಗ ಮೊಬೈಲ್ ಟಾರ್ಚನ್ನು ಲೆನ್ಸಿನೊಳಗೆ ಓರೆಯಾಗಿ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಎಷ್ಟು ಇಳಿಸಿ ಕೊಟ್ಟರೂ ಬೇಡ. ನಮ್ಮ ಜುಲೈ, ಆಗಸ್ಟಿನ ಥಂಡಿಯಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೇ ಬೂಸ್ಟು ಹಿಡಿಯುತ್ತದೆ, ಲೆನ್ಸ್ ಯಾವ ಲೆಕ್ಕ? ಕೊಂಡಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ. ಮತ್ತೆ, ಮಾರುವವರು ಮಡಿಕೇರಿಯವರಾದರೆ ಟಾರ್ಚನ್ನು ಎರಡು ಸಲ ಬಿಡಿ. ಆದಷ್ಟು ಬಯಲುಸೀಮೆಯವರ ಹತ್ತಿರವೇ ತಗೊಳ್ಳಿ.