ಮೆಕ್ಸಿಕೊದ ಕಾಗದದ ತೋರಣ

ಪ್ರಶ್ನೆ: ಮೂರನೇ ತರಗತಿಗೆ ಮೆಕ್ಸಿಕೊ ಪರಿಚಯಿಸಲು ‘ಪಾಪೆಲ್ ಪಿಕಾಡೊ’ (ತೂತುಗಳಿಂದ ಚಿತ್ತಾರ ಕತ್ತರಿಸಿದ ಕಾಗದದ ತೋರಣ) ಮಾಡಿಸುತ್ತಿದ್ದೇವೆ. ಬಿಡಿಸಿದಾಗ ಹಾಳೆ ತುಂಡಾಗುತ್ತದೆ. ಯಾಕೆ?

ಉತ್ತರ: ಒಂದು ಅಂಚಿನಿಂದ ಎದುರಂಚಿನವರೆಗೆ ಕತ್ತರಿ ಓಡಿದರೆ ತುಂಡಾಗದೆ ಇನ್ನೇನು? 30×20 ಸೆಂ.ಮೀ. ಟಿಶ್ಯೂ ಹಾಳೆಯನ್ನು ಉದ್ದಕ್ಕೆ ಎರಡೇ ಸಲ ಮಡಚಿ. ಅದಕ್ಕಿಂತ ಹೆಚ್ಚಾದರೆ ಪದರಗಳು ಜಾರಿ ತೂತುಗಳು ಸೊಟ್ಟಗಾಗುತ್ತವೆ. ಮಡಿಕೆಯ ಮೇಲಷ್ಟೇ ಅರ್ಧಚಂದ್ರ, ತ್ರಿಕೋನ ಕತ್ತರಿಸಿ. ತೂತುಗಳ ನಡುವೆ 1 ಸೆಂ.ಮೀ. ಉಳಿಯಲಿ. ಮೇಲಿನ 3 ಸೆಂ.ಮೀ. ಮುಟ್ಟಲೇಬೇಡಿ, ಅದನ್ನು ದಾರದ ಮೇಲೆ ಮಡಚಿ ಅಂಟಿಸಬೇಕು. ದ್ರವದ ಗೋಂದು ಬೇಡ, ಬಣ್ಣ ಬಿಡುತ್ತದೆ; ಗ್ಲೂ ಸ್ಟಿಕ್ ಸಾಕು.

ಪ್ಯೂಬ್ಲಾ ರಾಜ್ಯದ ಹುಯಿಶ್ಕೊಲೋಟ್ಲಾ ಊರಿನ ಕುಶಲಕರ್ಮಿಗಳು ಕತ್ತರಿ ಬಳಸುವುದಿಲ್ಲ, ಹತ್ತಾರು ಹಾಳೆ ಪೇರಿಸಿ ಉಳಿ-ಸುತ್ತಿಗೆಯಿಂದ ಕೊರೆಯುತ್ತಾರೆ. ನವೆಂಬರ್ 1, 2ರ ಮೃತರ ದಿನಕ್ಕೆ ಇವು ಬೇಕೇ ಬೇಕು. ಅದನ್ನು ದೆವ್ವದ ಹಬ್ಬ ಎನ್ನಬೇಡಿ, ಅಗಲಿದವರನ್ನು ಮನೆಗೆ ಕರೆಯುವ ಹಬ್ಬವದು.