‘ಹತ್ತು ವರ್ಷ ಆಟದಲ್ಲೇ ಹೋಯ್ತು ಮೇಡಂ’

ಈಚೆಗೆ ಈ ಮಾತನ್ನು ಪದೇ ಪದೇ ಕೇಳುತ್ತಿದ್ದೇನೆ. ಇಪ್ಪತ್ತು ದಾಟಿದ ಹುಡುಗರು, ಹುಡುಗಿಯರು ಸಲಹೆ ಕೇಳಿಕೊಂಡು ನನ್ನೆದುರು ಬಂದು ಕೂರುತ್ತಾರೆ. ಹದಿಹರೆಯವನ್ನೆಲ್ಲ ಕಂಪ್ಯೂಟರ್ ಮುಂದೆ ಕಳೆದುಬಿಟ್ಟೆ, ಏನೂ ದಕ್ಕಲಿಲ್ಲ ಅಂತ ಕಣ್ಣು ತುಂಬಿಕೊಳ್ಳುತ್ತಾರೆ. ಅವರಲ್ಲಿ ಒಬ್ಬನ ವಿಷಯ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ಇಪ್ಪತ್ತಮೂರು. ಡಿಗ್ರಿ ಮುಗಿದಿತ್ತು, ಕೆಲಸ ಇರಲಿಲ್ಲ. ‘ಓದು ಬಿಟ್ಟು ಬೇರೇನು ಮಾಡಿದ್ದೀರಿ?’ ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ ಗಂಟಲು ಕಟ್ಟುತ್ತಿತ್ತು. ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದರು. ಜೊತೆಗೆ ಬಂದಿದ್ದ ಅಮ್ಮನ ಮೊದಲ ಪ್ರಶ್ನೆ: ‘ಇದು ಕಾಯಿಲೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿದೆಯಂತೆ, ಹೌದಾ?’

ಹೌದು. ಸಂಸ್ಥೆ 2019ರಲ್ಲಿ ಒಪ್ಪಿದ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಆದರೆ ಅದನ್ನು ಗಂಟೆ ಲೆಕ್ಕದಲ್ಲಿ ಅಳೆಯುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಉಳಿದದ್ದೆಲ್ಲ ಹಿಂದೆ ಸರಿದಿರಬೇಕು. ಹಾಳಾಗುತ್ತಿದೆ ಅಂತ ಕಂಡರೂ ಆಟ ಮುಂದುವರಿದಿರಬೇಕು. ಇದರಿಂದ ಓದು, ಮನೆ, ಒಡನಾಟಕ್ಕೆ ದೊಡ್ಡ ಪೆಟ್ಟು ಬಿದ್ದಿರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳಾದರೂ. ಈತ ಪರೀಕ್ಷೆ ಹತ್ತಿರ ಬಂದಾಗ ಆಟ ಬದಿಗಿಡುತ್ತಿದ್ದ. ಗೆಳೆಯರಿದ್ದರು. ಎಲ್ಲ ಪಾಸಾಗಿದ್ದ. ನನಗೆ ಅವನಲ್ಲಿ ಕಾಯಿಲೆಗಿಂತ ನಾಚಿಕೆಯೇ ಜಾಸ್ತಿ ಕಂಡಿತು.

ಒಂದು ಭೇಟಿಯಲ್ಲಿ, ‘ಅಷ್ಟು ವರ್ಷ ಏನು ಆಡಿದೆ? ನನಗೆ ಗೊತ್ತಿಲ್ಲ, ಹೇಳಿಕೊಡು’ ಅಂದೆ. ಮೈನ್‌ಕ್ರಾಫ್ಟ್ ಅಂದ. ಬ್ಲಾಕ್ ಜೋಡಿಸಿ ಮನೆ, ಕೋಟೆ, ಯಂತ್ರ ಕಟ್ಟುವ ಕಂಪ್ಯೂಟರ್ ಆಟ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಪೆನ್ನು ತೆಗೆದುಕೊಂಡು ಬರೆಯತೊಡಗಿದ. ‘ಇದು ರೆಡ್‌ಸ್ಟೋನ್ ಟಾರ್ಚ್, ಆಟದೊಳಗಿನ ಕರೆಂಟ್ ದೀಪ ಅಂದ್ಕೊಳ್ಳಿ. ಈ ಕಡೆಯಿಂದ ಪವರ್ ಬಂದ್ರೆ ಆರುತ್ತೆ, ಬರದಿದ್ರೆ ಉರಿಯುತ್ತೆ. ಅಂದ್ರೆ ಉಲ್ಟಾ. ಇಂಥ ಮೂರು ಟಾರ್ಚ್ ಜೋಡಿಸಿದ್ರೆ, ಎರಡು ಸ್ವಿಚ್ಚೂ ಹಾಕಿದ್ರೆ ಮಾತ್ರ ತೆರೆಯೋ ಬಾಗಿಲು ಆಗುತ್ತೆ.’ ಕಂಪ್ಯೂಟರ್ ಚಿಪ್ಪಿನೊಳಗಿನ ಲೆಕ್ಕವೂ ಇದೇ ಅಲ್ವಾ! ಅದನ್ನು ಈತ ಹದಿಮೂರನೇ ವಯಸ್ಸಿನಲ್ಲಿ ಯಾರೂ ಹೇಳಿಕೊಡದೆ ಕಲಿತಿದ್ದ.

ಆಮೇಲೆ ಸರ್ವರ್ ಮಾತು ಬಂತು. ಸರ್ವರ್ ಅಂದರೆ ಇಂಟರ್ನೆಟ್ ಮೂಲಕ ಹಲವರು ಸೇರಿ ಒಂದೇ ಆಟ ಆಡುವ ಜಾಗ. ಗೆಳೆಯರಿಗೆ, ಗುರುತೇ ಇಲ್ಲದವರಿಗೆ ಅಂತ ಈತನೇ ಒಂದು ಸರ್ವರ್ ನಡೆಸುತ್ತಿದ್ದ. ಒಂದು ರಾತ್ರಿ ಅದರ ಫೈಲ್ ಕೆಟ್ಟುಹೋಯಿತು. ಇದ್ದ ಬ್ಯಾಕಪ್ ಎರಡು ದಿನ ಹಳೆಯದು.

‘ಎಲ್ಲರದ್ದೂ ಎರಡು ದಿನದ ಕೆಲಸ ಹೋಯ್ತು ಮೇಡಂ. ತಪ್ಪು ನನ್ನದೇ ಅಂತ ಎಲ್ಲರಿಗೂ ಬರೆದೆ. ಒಬ್ಬ ಚಿಕ್ಕ ಹುಡುಗ ಅಳ್ತಿದ್ದ, ಅವನ ಕೋಟೆನೇ ಇರಲಿಲ್ಲ. ನಾಲ್ಕು ಜನರನ್ನ ಒಪ್ಪಿಸಿ ಮತ್ತೆ ಕಟ್ಟಿಸಿಕೊಟ್ಟೆ. ಆಮೇಲೆ ಆರು ಗಂಟೆಗೊಮ್ಮೆ ತಾನಾಗೇ ಬ್ಯಾಕಪ್ ಆಗೋ ಹಾಗೆ ಸ್ಕ್ರಿಪ್ಟ್, ಅಂದ್ರೆ ಒಂದು ಸಣ್ಣ ಪ್ರೋಗ್ರಾಂ ಬರೆದೆ.’

‘ಆಗ ನಿನಗೆಷ್ಟು ವಯಸ್ಸು?’

‘ಹದಿನಾರು.’

‘ಇಂಟರ್‌ವ್ಯೂನಲ್ಲಿ ಇದನ್ನ ಯಾಕೆ ಹೇಳಲಿಲ್ಲ?’

‘ಅದು ಕೆಲಸ ಅಲ್ವಲ್ಲ ಮೇಡಂ. ಆಟ.’

‘ಅವರೆಲ್ಲ ಆಡ್ತಿದ್ದರು. ನೀನು ಅವರ ಜವಾಬ್ದಾರಿ ಹೊತ್ತಿದ್ದೆ’ ಅಂದೆ. ತುಂಬಾ ಹೊತ್ತು ಆ ಹಾಳೆಯನ್ನೇ ನೋಡುತ್ತಾ ಕೂತ.

ನಾನು ಕೊಟ್ಟ ಸಲಹೆ ಇಷ್ಟು. ಆ ರಾತ್ರಿಯ ಕಥೆಯನ್ನು ಒಂದು ಪುಟದಲ್ಲಿ ಬರಿ. ಏನು ಕೆಟ್ಟಿತು, ಯಾರಿಗೆ ತೊಂದರೆಯಾಯಿತು, ನೀನೇನು ಮಾಡಿದೆ, ಆಮೇಲೆ ಏನು ಬದಲಾಯಿಸಿದೆ. ಇಂಟರ್‌ವ್ಯೂನಲ್ಲಿ ಅದನ್ನೇ ಹೇಳು, ಆಟದ ಹೆಸರನ್ನೂ ಮುಚ್ಚಿಡಬೇಡ. ಮೊದಲು ಅಮ್ಮನಿಗೆ ಓದಿ ಹೇಳು.

ಯಾಕೆ ಹಾಗೆ ಹೇಳಿದೆ? ಆಟದಲ್ಲಿ ಕಲಿತದ್ದು ತಾನಾಗಿಯೇ ಬದುಕಿಗೆ ಇಳಿದು ಬರುವುದು ಕಡಿಮೆ. ಎರಡೂ ಕೆಲಸ ಒಂದೇ ಥರ ಇದ್ದರೆ ಬರಬಹುದು. 2007ರಲ್ಲಿ 33 ಸರ್ಜನ್‌ಗಳ ಮೇಲಿನ ಒಂದು ಅಧ್ಯಯನ ಪ್ರಕಟವಾಯಿತು. ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಜಾಸ್ತಿ ವಿಡಿಯೋ ಗೇಮ್ ಆಡಿದ್ದವರು ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ಒಳಬಿಟ್ಟು, ಪರದೆ ನೋಡುತ್ತಾ ಮಾಡುವ ಆಪರೇಷನ್) ಅಭ್ಯಾಸದಲ್ಲಿ ಶೇ. 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಆಟವೇ ಅದಕ್ಕೆ ಕಾರಣ ಅಂತ ಅಷ್ಟರಿಂದ ಹೇಳಲಾಗದು. ಆದರೆ ಎರಡರಲ್ಲೂ ಕಣ್ಣು ಪರದೆಯ ಮೇಲೆ, ಕೈ ಕೆಳಗೆ. ಸರ್ವರ್ ನಡೆಸಿದ್ದಕ್ಕೂ ಆಫೀಸಿನ ಕೆಲಸಕ್ಕೂ ಹಾಗೆ ಕಣ್ಣಿಗೆ ಕಾಣುವ ಹೋಲಿಕೆ ಇಲ್ಲ. ಅಲ್ಲಿ ಬಾಯಿಬಿಟ್ಟು ಹೇಳಲೇಬೇಕು. ನಾಚಿಕೆ ಇದ್ದವನು ಹೇಳುವುದಿಲ್ಲ, ಹಾಗಾಗಿ ಕಲಿತದ್ದೂ ಅಲ್ಲೇ ಉಳಿಯುತ್ತದೆ.

‘ನೀವು ಆಟಕ್ಕೆ ಸರ್ಟಿಫಿಕೇಟ್ ಕೊಡ್ತಿದ್ದೀರಿ’ ಅಂತ ಸಹೋದ್ಯೋಗಿಯೊಬ್ಬರು ಅಸಮಾಧಾನಪಟ್ಟರು. ನಾನು ಒಪ್ಪುವುದಿಲ್ಲ. ನಿದ್ದೆ, ಓದು, ಸ್ನೇಹ ಎಲ್ಲ ಬಿಟ್ಟು ಆಡಿದವರಿಗೆ, ಗೇಮಿನಲ್ಲಿ ಮನೆಯವರ ದುಡ್ಡು ಸುರಿದವರಿಗೆ ನಾನು ಹೇಳುವ ಮಾತೇ ಬೇರೆ. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ನಿಜವಾಗಿ ಏನೋ ಕಟ್ಟಿದ ಮಕ್ಕಳಿಗೆ ಅನ್ಯಾಯವಾಗುತ್ತದೆ. ಅಪ್ಪ ಅಮ್ಮಂದಿರೇ, ‘ಎಷ್ಟು ಹೊತ್ತು ಆಡಿದೆ’ ಅಂತ ಕೇಳಿ, ಬೇಡ ಅನ್ನುವುದಿಲ್ಲ. ಜೊತೆಗೆ ‘ಇವತ್ತು ಎಲ್ಲಿ ಸಿಕ್ಕಿಹಾಕಿಕೊಂಡೆ, ಹೇಗೆ ಬಿಡಿಸಿಕೊಂಡೆ’ ಅಂತಲೂ ಕೇಳಿ.

ಈತ ಆ ಪುಟ ಬರೆದ. ಅಮ್ಮ ಓದಿಸಿಕೊಂಡು, ಕೋಟೆ ಕಳೆದುಕೊಂಡ ಹುಡುಗ ಆಮೇಲೆ ಏನಾದ ಅಂತ ಕೇಳಿದರಂತೆ. ಕೆಲಸ ಇನ್ನೂ ಸಿಕ್ಕಿಲ್ಲ. ಕಳೆದ ಇಂಟರ್‌ವ್ಯೂನಲ್ಲಿ ಮಾತ್ರ ಹತ್ತು ನಿಮಿಷ ಮಾತಾಡಿದ್ದಾನೆ. ಬೆಳಗಿನ ಜಾವ ಮೂರಕ್ಕೆ ಮಲಗುವ ಅಭ್ಯಾಸ ಬಿಟ್ಟಿಲ್ಲ. ಈಗ ನಾವು ಮಾತಾಡುತ್ತಿರುವುದು ಅದರ ಬಗ್ಗೆ.